ಮೇಘಶ್ರೀಗೆ ಕಟ್ಟಿದ ಒಡಪು

ನ್ಯಾಮತಿಯಲ್ಲಿ ಬರೆದು ಹೊಟ್ಟೆ ಹೊರೆಯುವ ಹೆಂಗಸು ಅಂದರೆ ದುರ್ಗಾಂಬಿಕಾ ಒಬ್ಬಳೇ. ವಾರಪತ್ರಿಕೆಗೆ ಧಾರಾವಾಹಿ, ಮದುವಣಗಿತ್ತಿಯರಿಗೆ ಒಡಪು. ಹೊಸ ಸೊಸೆ ಹೊಸಿಲು ದಾಟುವ ಮುಂಚೆ ಗಂಡನ ಹೆಸರು ಸೇರಿಸಿ ಪದ್ಯ ಹೇಳಬೇಕಲ್ಲ, ಅದನ್ನು ಇವಳು ಕಟ್ಟಿಕೊಡುತ್ತಿದ್ದಳು. ಒಬ್ಬಳಿಗೆ ಕೊಟ್ಟದ್ದು ಇನ್ನೊಬ್ಬಳಿಗಿಲ್ಲ. ಗಂಡನನ್ನು ಬಿಟ್ಟು ಬಂದವಳು ಕಂಡವರ ಗಂಡಂದಿರನ್ನು ಹೊಗಳುತ್ತಾಳೆಂದು ಮೂಗು ಮುರಿಯುತ್ತಿದ್ದವರೇ ಮಗಳ ಮದುವೆ ಬಂದಾಗ ಅವಳ ಬಾಗಿಲು ತಟ್ಟುತ್ತಿದ್ದರು. ನಮ್ಮ ಊರಿನ ಮರ್ಯಾದೆ ಅಷ್ಟೇ.

ಗೋವಿನಕೋವಿಯ ಮೇಘಶ್ರೀಯನ್ನು ಜಗಳೂರಿನ ಪ್ರವೀಣನಿಗೆ ಕೊಟ್ಟಾಗ ಕಟ್ಟಿದ್ದು ಇದು:

ಹೊನ್ನಾಳಿ ಹೊಳೆ ತುಂಬಿ ಬಂದ್ರೂ ದಾರಿ ತಪ್ಪಲ್ಲ,
ಪ್ರವೀಣರ ಹೆಸರು ಬಿಟ್ಟು ಬ್ಯಾರೆ ಒಪ್ಪಲ್ಲ.

ಆ ಸಾಲು ಅವಳಿಗೇ ವಿಪರೀತ ಹಿಡಿಸಿಬಿಟ್ಟಿತು. ಹೆಸರೊಂದನ್ನು ಬದಲಿಸಿ ಧಾರಾವಾಹಿಯ ನಾಯಕಿಯ ಬಾಯಲ್ಲೂ ಹೇಳಿಸಿದಳು. ಆ ನಾಯಕಿಗೋ ಮದುವೆಯ ನಂತರವೂ ಹಳೆಯ ಪ್ರಿಯಕರನ ಗುಂಗು.

ಕಂತು ಅಚ್ಚಾದ ಮೇಲೆ ಮೇಘಶ್ರೀಯ ತಾಯಿ ಶಿವಗಂಗಮ್ಮ ಏದುಸಿರು ಬಿಡುತ್ತ ಬಂದಳು.

“ಗಂಡನ್ ಮನೆಯೋರು ನಿನ್ ಕತೆ ಓದ್ಯಾರೆ ಕಣವ್ವಾ. ಒಡಪು ನಮ್ ಹುಡುಗೀದು, ಹಂಗಾರೆ ಕತೇನೂ ಅವಳ್ದೇ ಅಂತಾರೆ. ಫೋನ್ ಕಿತ್ಕಂಡು ಕೋಣೇಲಿ ಕೂಡಾಕ್ಯಾರೆ.”

ದುರ್ಗಾಂಬಿಕಾ ಚಪ್ಪಲಿ ಮೆಟ್ಟಿದವಳೇ ಜಗಳೂರಿನ ಬಸ್ಸು ಹಿಡಿದಳು.

ಪ್ರವೀಣ ಕೂಗಾಡಲಿಲ್ಲ. ಕುಡಿಯಲು ನೀರು ಕೊಟ್ಟ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

“ಕತೆ ಸುಳ್ಳು ಕಣಪ್ಪಾ, ನಾನೇ ಕಟ್ಟಿದ್ದು.”

“ಒಡಪೂ ನೀವೇ ಕಟ್ಟಿದ್ದಲ್ರೀ? ಅದನ್ನ ನಿಜ ಅಂತ ನಂಬಿದ್ದೆ. ಮುಂದಿನ ಕಂತು ಓದಾಕೆ ಓಣಿಯೆಲ್ಲ ಕಾಯ್ತೈತೆ. ನಾನೂ ಕಾಯ್ತೀನಿ.”

ಅವಳು ಆಗಲೇ ಬರೆದು ಕಳಿಸಿದ್ದ ಮುಂದಿನ ಕಂತಿನಲ್ಲಿ ನಾಯಕಿಯನ್ನು ಗಂಡ ಹಿತ್ತಲ ಬಾವಿಗೆ ನೂಕುತ್ತಾನೆ. ದುರ್ಗಾಂಬಿಕಾ ಅಂಗಳಕ್ಕೆ ಬಂದು ಕಂತು ತಡೆಯಿರೆಂದು ಸಂಪಾದಕರಿಗೆ ಫೋನು ಮಾಡಿದಳು. ಪತ್ರಿಕೆ ಅಚ್ಚಾಗಿ ಕಟ್ಟುಗಳು ಬಸ್ಸು ಹತ್ತಿದ್ದವು. ಹಿತ್ತಲ ಕಡೆ ನೋಡಿದಳು. ಅಲ್ಲೊಂದು ಹಾಳು ಬಾವಿಯಿತ್ತು. ಅದರ ಮೇಲಿನ ಕಬ್ಬಿಣದ ಜಾಲರಿಯನ್ನು ತೆಗೆದು ಗೋಡೆಗೆ ಒರಗಿಸಿದ್ದರು.

ಕೋಣೆಯ ಕಿಟಕಿಯಿಂದ ಮೇಘಶ್ರೀಯ ದನಿ ಬಂತು.

“ಅಕ್ಕಾ, ಕತೇಲಿ ಕೊನೆಗೆ ಅವಳು ಏನಾಗ್ತಾಳೆ?”

ದುರ್ಗಾಂಬಿಕಾ ಜಗಲಿಯ ಮೇಲೆ ಗಟ್ಟಿಯಾಗಿ ಕೂತಳು.

“ನಿನ್ನ ಕರ್ಕಂಡೇ ಹೋಗ್ತೀನಿ ಕಣೇ. ಅಲ್ಲೀತಂಕ ಇಲ್ಲಿಂದ ಏಳಲ್ಲ.”

“ಅದಲ್ಲಕ್ಕಾ,” ಅಂದಳು ಮೇಘಶ್ರೀ. “ಅವಳು ಏನಾಗ್ತಾಳೆ?”