ಒಂದೂವರೆಯ ಒಳಗಿನ ಊಟ

ತೇರದಾಳದ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಜೈನರ ಮನೆ, ತಲೆಮಾರುಗಳ ನೇಮ. ಊರಲ್ಲಿದ್ದಾಗ ಅದೇನು ದೊಡ್ಡ ಕಷ್ಟವಲ್ಲ, ಹೊತ್ತು ಆರರವರೆಗೆ ಇದ್ದೇ ಇರುತ್ತದೆ. ಆದರೆ ಜಮಖಂಡಿಯಲ್ಲಿ ಓದುತ್ತಿದ್ದ ನಾನು ಆರು ತಿಂಗಳ ವಿನಿಮಯ ಓದಿಗೆಂದು ಆಯ್ಕೆಯಾಗಿದ್ದು ಯುರೋಪಿನ ಉತ್ತರದ ಒಂದು ಊರಿಗೆ. ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ.

ಸುದ್ದಿ ಕೇಳಿ ಗಾಬರಿಯಾದವಳು ಆಯಿ, ಅಂದರೆ ನನ್ನ ಅಜ್ಜಿ. ವಿಮಾನಕ್ಕೆ ಹೆದರಲಿಲ್ಲ, ಚಳಿಗೆ ಹೆದರಲಿಲ್ಲ. "ಹೊತ್ತ ಅಷ್ಟ ಲಗೂ ಮುಳುಗೂ ದೇಶದಾಗ ಹುಡುಗಿ ಯಾವಾಗ ಉಣ್ಣಾಕಿ?" ಎಂದು ಮನೆ ತುಂಬ ಓಡಾಡಿದಳು. ಹೊರಡುವ ದಿನ ಹೊಸದೊಂದು ನೇಮ ಸಾರಿದಳು. "ಅಲ್ಲಿ ನೀ ಉಂಡಿ ಅಂತ ಫೋನ್ ಬಂದ ಮ್ಯಾಲೇ ನಾ ಇಲ್ಲಿ ಸಂಜೀ ಊಟ ಮಾಡಾಕಿ."

"ಇದೇನ ಬ್ಲ್ಯಾಕ್‌ಮೇಲೇನ ಆಯಿ?" ಅಂದೆ.

"ಹೂಂ, ಹಂಗ ತಿಳ್ಕೊ," ಅಂದಳು. ಅವ್ವ ಬೈದಳು, ಅಪ್ಪ ಕೈಮುಗಿದ. ಮುದುಕಿ ಜಗ್ಗಲಿಲ್ಲ.

ನಮ್ಮೂರಿನ ಗಡಿಯಾರ ಅಲ್ಲಿಗಿಂತ ನಾಲ್ಕೂವರೆ ತಾಸು ಮುಂದೆ. ಊರಲ್ಲಿ ಹೊತ್ತು ಮುಳುಗುವ ಆರು ಗಂಟೆ ಎಂದರೆ ನನಗೆ ಒಂದೂವರೆ, ಅಷ್ಟರೊಳಗೆ ಉಂಡು ಫೋನು ಮಾಡಬೇಕು. ಆ ಒಂದೂವರೆ ದಿನಾ ನನ್ನ ಬೆನ್ನು ಹತ್ತಿತು. ಆಯಿಗೆ ಸಕ್ಕರೆ ಕಾಯಿಲೆ. ಐದಕ್ಕೆ ಗುಳಿಗೆ ನುಂಗುತ್ತಾಳೆ, ಆಮೇಲೆ ಉಣ್ಣದಿದ್ದರೆ ಕೈಕಾಲು ನಡುಗುತ್ತವೆ. ನಾನಿಲ್ಲಿ ತಡ ಮಾಡಿದರೆ ಅವಳು ಅಲ್ಲಿ ಬೀಳುತ್ತಾಳೆ. ಎಂಥಾ ಓದು, ಎಂಥಾ ದೇಶ! ಹಿಮ ನೋಡಿದೆಯಾ ಎಂದು ಜನ ಕೇಳುತ್ತಾರೆ. ನಾನು ನೋಡಿದ್ದು ಗೋಡೆಯ ಗಡಿಯಾರ.

ಡಿಸೆಂಬರಿನ ಒಂದು ದಿನ ಪ್ರಯೋಗಾಲಯದಲ್ಲಿ ಪರೀಕ್ಷೆ. ಫೋನು ಹೊರಗಿನ ಕಪಾಟಿನಲ್ಲಿಡಬೇಕು. ಹನ್ನೆರಡಕ್ಕೆ ಮುಗಿಯಬೇಕಾದದ್ದು ಯಂತ್ರವೊಂದು ಕೆಟ್ಟು ಎಳೆಯಿತು. ಒಂದಾಯಿತು. ಒಂದೂವರೆಯೂ ಆಯಿತು. ಎದ್ದು ಹೋದರೆ ನಪಾಸು. ಊರಲ್ಲಿ ಅಜ್ಜಿ ಉಂಡಿಲ್ಲ, ಬಿಡಿ ಎಂದು ಅಲ್ಲಿಯ ಮಾಸ್ತರರಿಗೆ ಹೇಗೆ ಹೇಳಲಿ? ಒಂದೇ ಅಂಕಿಯನ್ನು ಎರಡು ಸಲ ತಪ್ಪು ಬರೆದೆ.

ಎರಡಕ್ಕೆ ಹೊರಗೆ ಬಂದು ನೋಡಿದರೆ ಅವ್ವನ ಹದಿನೇಳು ಕರೆ. ಮರಳಿ ಮಾಡಿದೆ, ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ. ಸತ್ತೇ ಹೋದಳು, ನಾನೇ ಕೊಂದೆ ಎಂದುಕೊಂಡೆ. ನಾಲ್ಕನೆಯ ಸಲ ಅವ್ವ ಎತ್ತಿದಳು.

"ಎಲ್ಲಿ ಹಾಳಾಗಿ ಹೋಗಿದ್ದಿಬೇ? ಆಯಿ ಅಡಗಿಮನ್ಯಾಗ ಬಿದ್ದಿದ್ಳು. ಬಾಯಾಗ ಸಕ್ಕರಿ ಹಾಕೇವಿ, ಈಗಷ್ಟ ಕಣ್ಣ ತೆರದಾಳ."

ಅಷ್ಟರಲ್ಲಿ ಆಯಿ ಫೋನು ಇಸಿದುಕೊಂಡಳು. ದನಿಯೇ ಇರಲಿಲ್ಲ. "ಉಂಡಿಯೇನವಾ?"

"ಉಂಡೆ ಆಯಿ," ಅಂದೆ. ಮುಂಜಾನೆಯಿಂದ ನೀರು ಕೂಡ ಕುಡಿದಿರಲಿಲ್ಲ.

"ಸುಳ್ಳ ಹೇಳಬ್ಯಾಡ. ಫೋನ್ ಇಡದ ನನ್ನ ಮುಂದ ಉಣ್ಣು."

ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಫೋನು ಕಿವಿಗಿಟ್ಟುಕೊಂಡೇ ರೊಟ್ಟಿ ಕಡಿದೆ, ನೀರು ಕುಡಿದು ನುಂಗಿದೆ. ಆಯಿ ಆ ಸಪ್ಪಳ ಕೇಳಿಸಿಕೊಂಡಳು. ಆಮೇಲೆ ಅಂದಳು:

"ಹೊತ್ತ ಮುಳುಗಿದ ಮ್ಯಾಲ ಬಾಯಾಗ ಸಕ್ಕರಿ ಬಿತ್ತು, ನನ್ನ ನೇಮ ಮುರದು ಹೋತು, ಹೋಗ್ಲಿ. ಇನ್ನ ಮ್ಯಾಲ ಹಸಿವಾದಾಗ ಉಣ್ಣು ತಂಗಿ, ಕತ್ತಲಾದ್ರೂ ಉಣ್ಣು. ಪಾಪ ಬಂದ್ರ ನನಗ ಬರಲಿ."

ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲು ಬರುವುದಿಲ್ಲ, ಮಾಡಿದವರದು ಮಾಡಿದವರಿಗೇ ಎಂದು ಬಸದಿಯಲ್ಲಿ ಹೆಂಗಸರಿಗೆಲ್ಲ ಹೇಳಿಕೊಡುತ್ತಿದ್ದವಳು ಇದೇ ಆಯಿ. ಆ ದಿನ ಹೆದರಿದವಳು ನಾನೊಬ್ಬಳೇ ಅಂದುಕೊಂಡಿದ್ದೆ. ನನಗೇನಾಯಿತೋ ಎಂದು ಆಯಿಯೂ ಹೆದರಿದ್ದಳು.