ಸರಿದಾಡುವ ಹುಟ್ಟಿದ ದಿನ

ಇವತ್ತು ಬೆಳಿಗ್ಗೆ ಶಹಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಚಹಾ ಹಿಡಿದು ನಿಂತಿದ್ದೆ. ಮಲಗಿದ ಬುದ್ಧನಂತೆ ಕಾಣುವ ಬೆಟ್ಟಕ್ಕೆ ಬಿಸಿಲು ಇನ್ನೂ ಪೂರ್ತಿ ಏರಿರಲಿಲ್ಲ. ಅಷ್ಟರಲ್ಲಿ ಫೋನು ಟಿಣ್ ಎಂದಿತು. 'ಇಂದು ನಿಮ್ಮ ಸ್ನೇಹಿತರ ಜನ್ಮದಿನ, ಶುಭ ಹಾರೈಸಿ' ಎಂದು ಉದ್ದ ಪಟ್ಟಿ. ಜೂನ್ ಒಂದನೇ ತಾರೀಖು ಬಂತೆಂದರೆ ನನ್ನ ಫೋನಿಗೆ ಹುಚ್ಚು ಹಿಡಿಯುತ್ತದೆ. ನಮ್ಮೂರು ಕೊಂಕಲ್‌ನ ಅರ್ಧ ಜನ ಆ ದಿನವೇ ಹುಟ್ಟಿದವರು. ನಗಬೇಡಿ, ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪ ಅಲ್ಲಿನ ಶಾಲೆಯ ಹೆಡ್‌ಮಾಸ್ತರರಾಗಿದ್ದರು. ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಸೆರಗು ಸರಿಮಾಡಿಕೊಂಡು, "ಶೇಂಗಾ ಕೀಳೂವಾಗ ಹುಟ್ಟ್ಯಾನ್ರಿ", "ಕೆರಿ ಒಡದ ವರ್ಷರಿ ಸರ" ಎನ್ನುತ್ತಿದ್ದರು. ಅಪ್ಪ ಕಥೆ ಕೇಳಿದಂತೆ ಎಲ್ಲವನ್ನೂ ಪೂರ್ತಿ ಕೇಳಿ, ಕೊನೆಗೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಸರಿಹೊಂದಬೇಕಲ್ಲ! ಪಕ್ಕದಲ್ಲಿ ಕೂತು ತಾಯಂದಿರ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಿದ್ದ ನಾನು ಒಮ್ಮೆ, "ಅಪ್ಪಾ, ಎಲ್ಲಾರೂ ಒಂದ ದಿನ ಹೆಂಗ ಹುಟ್ತಾರ?" ಎಂದು ಕೇಳಿದ್ದೆ. "ಸರಕಾರಕ್ಕ ಒಂದು ತಾರೀಖು ಬೇಕವ್ವ. ದೇವರ ಲೆಕ್ಕ ಬ್ಯಾರೆ ಅದ" ಎಂದಿದ್ದರು.

ಇಂದಿನ ಪಟ್ಟಿಯಲ್ಲಿ ಮೊದಲ ಸಲ ನಾಗಮ್ಮನ ಹೆಸರಿತ್ತು. ಅದನ್ನು ನೋಡಿ ಚಹಾದ ಲೋಟ ಕೆಳಗಿಟ್ಟೆ.

ನಾಗಮ್ಮ ನನ್ನ ಬಾಲ್ಯದ ಗೆಳತಿ. ಕುರಿ ಸಾಕುವ ಮನೆಯ ಹುಡುಗಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಮುಂದೆ ಸುರಪುರದ ಹತ್ತಿರದ ಬೋನಾಳಕ್ಕೆ ಸೊಸೆಯಾಗಿ ಹೋದಳು. ಅವಳು ಹುಟ್ಟಿದ್ದು ಎಳ್ಳಮಾಸಿ ದಿನ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೋದ ಅವಳ ಅವ್ವನಿಗೆ ಅಲ್ಲೇ ನೋವು ಬಂದು, ಬನ್ನಿ ಗಿಡದ ಕೆಳಗೆ ಹೆರಿಗೆಯಾಯಿತಂತೆ. ಶಾಲೆಯ ಪುಸ್ತಕದಲ್ಲಿ, ಆಮೇಲೆ ಆಧಾರ್ ಕಾರ್ಡಿನಲ್ಲಿ ಮಾತ್ರ ನಮ್ಮಪ್ಪನ ಜೂನ್ ಒಂದೇ ಉಳಿಯಿತು.

ಅವಳ ಗಂಡ ಸಾಯಬಣ್ಣ ವರ್ಷದ ಬಹುಪಾಲು ಹಿಂಡಿನ ಜೊತೆ ಕೃಷ್ಣೆಯ ಆಚೆಈಚೆ ತಿರುಗುವವನು. ಹಬ್ಬ ಹುಣ್ಣಿಮೆ ಒಂದೂ ಗೊತ್ತಾಗುತ್ತಿರಲಿಲ್ಲ. ಮಗಳು ಇಬ್ಬರಿಗೂ ಫೋನಿನಲ್ಲಿ ಜಾಲತಾಣದ ಖಾತೆ ತೆಗೆದುಕೊಟ್ಟಾಗ ನಾಗಮ್ಮ ಒಂದು ಉಪಾಯ ಕಂಡುಕೊಂಡಳು. ಎಳ್ಳಮಾಸಿ ವರ್ಷವರ್ಷವೂ ಬೇರೆ ಬೇರೆ ತಾರೀಖಿಗೆ ಬರುತ್ತದಲ್ಲ, ಹಾಗೆಯೇ ಪ್ರತಿ ವರ್ಷ ಕ್ಯಾಲೆಂಡರು ನೋಡಿ ತನ್ನ ಹುಟ್ಟಿದ ತಾರೀಖನ್ನು ಸರಿಸಿಬಿಡುತ್ತಿದ್ದಳು. ಆ ದಿನ ಎಲ್ಲೋ ದೂರದ ಹೊಲದಲ್ಲಿ ಸಾಯಬಣ್ಣನ ಫೋನು ಗಂಟೆ ಹೊಡೆಯುತ್ತಿತ್ತು. ಅವನು ಕುರಿಗಳ ನಡುವೆ ನಿಂತು ಒಂದು ವಿಡಿಯೊ ಮಾಡಿ ಕಳಿಸುತ್ತಿದ್ದ.

ಹೋದ ವರ್ಷ ಸಾಯಬಣ್ಣ ತೀರಿಕೊಂಡ. ಅವನ ಫೋನು ಅದಕ್ಕೂ ಮೊದಲೇ ಕಾಲುವೆಯ ನೀರಿಗೆ ಬಿದ್ದುಹೋಗಿತ್ತು. ಉಳಿದದ್ದು ನಾಗಮ್ಮನ ಖಾತೆಯೊಳಗಿನ ಆ ವಿಡಿಯೊಗಳಷ್ಟೇ. ಎಳ್ಳಮಾಸಿ ಹತ್ತಿರ ಬಂದಾಗ ಅವಳು ಕೈಗೆ ಬಿದ್ದ ರೂಢಿಯಂತೆ ಮತ್ತೆ ತಾರೀಖು ಸರಿಸಿದಳು. ಈ ಸಲ ಜಾಲತಾಣದ ಕಂಪನಿಗೆ ಅನುಮಾನ ಬಂತು. ಇಷ್ಟು ಸಲ ಹುಟ್ಟಿದವಳು ನಿಜವಾದ ಮನುಷ್ಯಳೇ ಅಲ್ಲ ಎಂದು ತೀರ್ಮಾನಿಸಿ ಖಾತೆಗೆ ಬೀಗ ಹಾಕಿತು.

"ಮಾಸ್ತರ ಮಗಳ, ಅವರ ದನಿ ಒಳಗ ಸಿಕ್ಕೊಂಡದ. ತೆಗಿ" ಎಂದು ಫೋನಿನಲ್ಲಿ ಅತ್ತಳು. ಭಾನುವಾರ ಬೋನಾಳಕ್ಕೆ ಹೋದೆ. ನಾನು ಟೀಚರು, ಒಂದು ಅರ್ಜಿ ಬರೆದರೆ ಮುಗಿಯಿತು ಎಂಬ ಜಂಬ ನನಗೆ. ಅರ್ಜಿ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಮುಖ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ಎಂದಿತು ಫೋನು. ಊರ ಕೆರೆಯ ದಂಡೆಯಲ್ಲಿ ಕೂತು ನಾಗಮ್ಮ ಸೆರಗು ಹೊದ್ದುಕೊಂಡೇ ತಿರುಗಿಸಿದಳು. "ಹೆಣ್ಣು ನೋಡಾಕ ಬಂದಾಗೂ ಇಷ್ಟ ತಿರುಗಿಸಿರಲಿಲ್ಲ ನೋಡು!" ಮಧ್ಯಾಹ್ನದ ನೀರು ಕಣ್ಣಿಗೆ ಜೊಂಪು ತರಿಸುವಂತಿತ್ತು. ಬಿಳಿ ಹಕ್ಕಿಗಳು ಒಂದೊಂದಾಗಿ ಎದ್ದು, ಎಲ್ಲಿಗೂ ಹೋಗದೆ, ಎದ್ದ ಜಾಗಕ್ಕೇ ಮರಳಿ ಇಳಿಯುತ್ತಿದ್ದವು. ನಮ್ಮ ಅರ್ಜಿಯೂ ಹಾಗೆಯೇ ಮರಳಿತು. 'ನಿಮ್ಮ ತಾಳ್ಮೆಗೆ ಧನ್ಯವಾದ' ಎಂಬ ಉತ್ತರ. ಸಿಟ್ಟು ಬಂದು ನಾನು ಅಚ್ಚ ಗ್ರಂಥಸ್ಥ ಕನ್ನಡದಲ್ಲಿ ಬೈದು ಕಳಿಸಿದೆ. ಅದಕ್ಕೂ ಧನ್ಯವಾದವೇ ಬಂತು. ಅಲ್ಲಿ ಕೇಳುವ ಕಿವಿಯೇ ಇಲ್ಲವೆಂದು ಆಗ ನನಗೆ ನಿಜಕ್ಕೂ ಭಯವಾಯಿತು.

ಮೂರು ನಾಲ್ಕು ಭಾನುವಾರ ಹೀಗೇ ಕಳೆದವು. ಕೊನೆಗೆ ಕಂಪನಿ ಒಂದು ದಾರಿ ತೋರಿಸಿತು. ಆಧಾರಿನಲ್ಲಿರುವ ತಾರೀಖನ್ನೇ ನಿಜವೆಂದು ಒಪ್ಪಿಕೊಳ್ಳಬೇಕು, ಮುಂದೆ ಅದನ್ನು ಯಾವತ್ತೂ ಬದಲಿಸುವಂತಿಲ್ಲ.

ನಾಗಮ್ಮ ಫೋನನ್ನು ನನ್ನ ಮಡಿಲಿಗೆ ಹಾಕಿದಳು. "ಒಲ್ಲೆ. ನಮ್ಮವ್ವ ಸುಳ್ಳ ಹೇಳ್ಯಾಳ ಅಂತ ಬರಕೊಟ್ಟಂಗ ಆಗ್ತದ."

"ಸುಮ್ಮ ಒಂದು ತಾರೀಖಲೇ."

"ನಿಮ್ಮಪ್ಪಗೂ ಸುಮ್ಮ ಒಂದು ತಾರೀಖ ಆಗಿತ್ತು."

ನಾನು ಫೋನನ್ನು ಮಡಿಲಲ್ಲೇ ಬೋರಲು ಹಾಕಿದೆ. ಅವಳು ಅದನ್ನು ಎತ್ತಿ, ಬೀಗ ಬಿದ್ದ ಖಾತೆಯನ್ನು ಒಮ್ಮೆ ನೋಡಿ, ಮತ್ತೆ ನನ್ನ ಕೈಗಿಟ್ಟಳು. ಆಮೇಲೆ, "ಅವ್ವ ಇದ್ದಿದ್ದರ ಒಪ್ಪಿಕೋ ಅಂತಿದ್ಲು. ಒತ್ತು" ಎಂದಳು. ನಾನೇ ಒತ್ತಿದೆ. ಕಂಪನಿ ಪರಿಶೀಲಿಸುತ್ತೇವೆ ಎಂದಿತು. ಮತ್ತೆ ಸುದ್ದಿಯೇ ಇರಲಿಲ್ಲ. ಇವತ್ತು ಪಟ್ಟಿಯಲ್ಲಿ ಅವಳ ಹೆಸರು ಬಂದಿದೆ ಎಂದರೆ ಬೀಗ ತೆಗೆದಿದ್ದಾರೆ ಎಂದರ್ಥ.

ಶುಭಾಶಯದ ಗುಂಡಿ ಒತ್ತಲು ಕೈ ಬರಲಿಲ್ಲ. ಅವಳಿಗೇ ಫೋನು ಮಾಡಿದೆ.

"ನಿನ್ನೆ ಸಂಜಿಕ ತೆರೀತು ನೋಡು" ಎಂದಳು. ದನಿ ಹಗುರಾಗಿತ್ತು. "ಎಲ್ಲಾ ಅವ, ಒಂದೂ ಹೋಗಿಲ್ಲ. ಆದರ ಇನ್ನ ಎಳ್ಳಮಾಸಿ ದಿನ ಫೋನ್ ಸುಮ್ಮನ ಇರ್ತದ. ಇರಲಿ ಬಿಡು. ಗಂಟಿ ಹೊಡದರ ಯಾರ್ ಕೇಳಬೇಕು?"

"ನಾ ಬರ್ತೀನಿ" ಎಂದೆ. ಇಷ್ಟು ವರ್ಷ ಆ ದಿನ ಹೂವಿನ ಚಿತ್ರ ಕಳಿಸಿ ಕೈತೊಳೆದುಕೊಂಡವಳು ನಾನು. ನಾಚಿಕೆಯಾಯಿತು. "ಗಂಟಿ ಬ್ಯಾಡ, ಏನ ಬ್ಯಾಡ. ಹೊಲಕ್ಕ ಬರ್ತೀನಿ."

"ಬಾ ಹಂಗಾರ. ತಡಿ, ಒಂದ ಕೇಳಸ್ತೀನಿ."

ಕೊರ್ ಎಂಬ ಗಾಳಿ, ಕುರಿಗಳ ಕೂಗು, ಅದರ ನಡುವೆ ಸಾಯಬಣ್ಣನ ಒರಟು ದನಿ: "ನಾಗೀ, ಇವತ್ತ ಎಳ್ಳಮಾಸಿ ಅಂತ. ಫೋನ್ ಹೇಳ್ತು. ಭಜ್ಜಿ ರೊಟ್ಟಿ ಉಂಡ್ಯೇನು?"

ಗಾಳಿ ನಿಂತಿತು. ನಾನು ಏನೋ ಹೇಳಲು ಬಾಯಿ ತೆರೆದೆ.

"ಉಂಡೀನ್ರಿ" ಎಂದಳು ನಾಗಮ್ಮ, ಮೆಲ್ಲಗೆ. "ನೀವ್ ಉಂಡ್ರೇನು?"