ಯಲಬುರ್ಗಾದಿಂದ ಗಂಗಾವತಿಗೆ, ಒಂದು ‘ರಿ’ ಹಿಡಿದುಕೊಂಡು

ಸೋಮವಾರ ಬೆಳಗಿನ ಆರೂಕಾಲರ ಬಸ್ಸಿಗೆ ಯಲಬುರ್ಗಾ ಬಿಟ್ಟೆವು, ನಾನು ಮತ್ತು ನನ್ನ ಮೊಮ್ಮಗಳು ರೇಣುಕಾ. ನಮ್ಮ ಊರು ಅಲ್ಲಿಂದ ಮೂರು ಕಿಲೋಮೀಟರು. ಅಷ್ಟನ್ನು ನಸುಕಿನ ಚಳಿಯಲ್ಲಿ ಕಂಬಳಿ ಹೊದ್ದು ನಡೆದು ಬಂದಿದ್ದೆವು. ನಾನು ಓದಿದ್ದು ಮೂರನೇ ಕ್ಲಾಸು. ಆಮೇಲಿನ ಆಯುಷ್ಯವೆಲ್ಲ ಕುರಿಗಳ ಹಿಂದೆ ಹೋಯಿತು. ಅಂಥವನು ಇಂಗ್ಲಿಷ್ ಪರೀಕ್ಷೆಗೆ ಹೊರಟಿದ್ದೇನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮಾತಾಡುವವಳು ಆಕೆ, ಬಾಗಿಲಲ್ಲಿ ಕೂರುವವನು ನಾನು ಎಂಬುದನ್ನು ಕೊನೆಗೆ ಸೇರಿಸುತ್ತಿದ್ದೆ.

ರೇಣುಕಾ ಬಿ.ಕಾಂ. ಮುಗಿಸಿ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ವಾರವೆಲ್ಲ ಹಾಸ್ಟೆಲ್ಲಿನಲ್ಲಿದ್ದು ರವಿವಾರ ಊರಿಗೆ ಬರುತ್ತಾಳೆ. ಗಿರಣಿಯ ಮಾಲೀಕರಿಗೆ ಹೊರದೇಶಕ್ಕೆ ಅಕ್ಕಿ ಕಳಿಸುವ ಮನಸ್ಸಾಗಿದೆ. ಅಲ್ಲಿನ ಗಿರಾಕಿಗಳ ಕೂಡ ಮಾತಾಡಲು ವ್ಯಾಪಾರದ ಇಂಗ್ಲಿಷ್ ಬೇಕು. ಅದಕ್ಕೇ ಒಂದು ಕೋರ್ಸ್ ಇದೆಯಂತೆ. ಬೇರೆ ಬೇರೆ ದೇಶದ ಓದುವ ಹುಡುಗರು, ನೌಕರಿ ಮಾಡುವವರು ಕಂಪ್ಯೂಟರಿನಲ್ಲೇ ಕೂಡಿ ಕಲಿಯುತ್ತಾರೆ. ರೇಣುಕಾಳ ಕ್ಲಾಸಿನಲ್ಲಿ ವಿಯೆಟ್ನಾಮಿನ ಒಬ್ಬ ಹೆಣ್ಣುಮಗಳು, ಬ್ರೆಜಿಲಿನ ಒಬ್ಬ ಗಂಡಸು ಇದ್ದಾರೆ. ಕೊನೆಯ ಪರೀಕ್ಷೆ ಬರೆಯುವುದಲ್ಲ, ಮಾತಾಡುವುದು. ರೇಣುಕಾ ಒಂದು ಸಲ ಕೂತು ನಾಪಾಸಾಗಿದ್ದಳು. ಆಮೇಲೆ ಎರಡು ವಾರ ಊರಿಗೇ ಬರಲಿಲ್ಲ. ಇದು ಎರಡನೆಯ ಸಲ, ಕೊನೆಯ ಸಲ. ಪಾಸಾದರೆ ಹೊರದೇಶದ ಮಾತುಕತೆಯ ಕುರ್ಚಿ ಆಕೆಯದು. ಇಲ್ಲವಾದರೆ ಹೊರಗಿನಿಂದ ಒಬ್ಬರನ್ನು ತರುತ್ತಾರೆ, ಈಕೆ ಲಾರಿಗಳ ಚೀಟಿ ಬರೆಯುತ್ತ ಕೂರಬೇಕು. ನೀ ಬಾಗಿಲ ಹೊರಗೆ ಕೂತಿದ್ದರೆ ಸಾಕು ಯಜ್ಜ ಎಂದು ಕರೆದಳು. ನಾನು ಹಟ್ಟಿಯನ್ನು ಮಗನಿಗೆ ಒಪ್ಪಿಸಿ ಎದ್ದೆ.

ಕಂಡಕ್ಟರ್ ಆಕೆಗೆ ಪುಕ್ಕಟೆ ಟಿಕೆಟ್ ಕೊಟ್ಟು ನನ್ನಿಂದ ರೊಕ್ಕ ಇಸಿದುಕೊಂಡ. ಓದಿದವಳು ಪುಕ್ಕಟೆ, ಓದದವನು ರೊಕ್ಕ ಕೊಡಬೇಕು, ನ್ಯಾಯವೇ ಇದೆ ಎಂದೆ. ರೇಣುಕಾ ನಗಲಿಲ್ಲ. ಕೊಪ್ಪಳ ಮುಟ್ಟುವಾಗ ಏಳೂವರೆ. ಸ್ಟ್ಯಾಂಡಿನ ಬದಿಯ ಖಾನಾವಳಿಯಲ್ಲಿ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ತೆಗೆದುಕೊಂಡೆವು. ಆಕೆ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಆಕೆಯ ಮಿರ್ಚಿಯನ್ನೂ ನಾನೇ ತಿಂದೆ. ಒಬ್ಬರಾದರೂ ತಿನ್ನಬೇಕಲ್ಲ.

ಗಂಗಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನೀನೇ ಹೊರದೇಶದ ಗಿರಾಕಿ ಆಗು ಎಂದಳು ರೇಣುಕಾ. ನಾನು ರುಮಾಲು ಸರಿಮಾಡಿಕೊಂಡು ಗಿರಾಕಿಯಾದೆ. ಆಕೆ ಇಂಗ್ಲಿಷಿನಲ್ಲಿ ಒಂದು ಮಾತು ಆಡಿ, ನನಗೆ ತಿಳಿಯಲೆಂದು ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದಳು. ಸ್ಯಾಂಪಲ್ ಮುಟ್ಟಿತೋ ಇಲ್ಲೋ ಹೇಳು. ಯಾವ ತಾರೀಖಿಗೆ ಬೇಕು ಹೇಳು. ಲಗೂನ ಉತ್ತರ ಕೊಡು. ಆಟಕ್ಕೆ ಗಿರಾಕಿಯಾದವನಾದರೂ ನನಗೆ ಮುಖ ಸಣ್ಣದಾಯಿತು.

“ಏನವ್ವ, ಗಿರಾಕಿಗೆ ಹೇಳು, ಕೊಡು ಅಂತೀಯಲ್ಲ. ಕುರಿ ಸಂತಿಯಾಗ ಹಿಂಗ ಅಂದಿದ್ರ ಎದ್ದು ಹೋಗ್ತಿದ್ರು. ಹೇಳ್ರಿ, ಕೊಡ್ರಿ ಅನ್ನಾಕ ನಿನಗೇನು ಬ್ಯಾನಿ?”

“ರಿ ಅಂದ್ರ ನಗ್ತಾರ ಯಜ್ಜ. ಮೊದಲಿಗೆ ಎಸ್ ರಿ, ನೋ ರಿ, ಥ್ಯಾಂಕ್ಯೂ ರಿ ಅಂತಿದ್ದೆ. ಇಂಗ್ಲಿಷಿನಾಗ ರಿ ಇಲ್ಲ ಅಂದ್ರು ನಮ್ಮ ಟೀಚರ್. ಕಿತ್ತು ಒಗದೆ.”

ಕಿತ್ತ ಜಾಗಕ್ಕೆ ಏನು ಇಟ್ಟೆ ಎಂದು ಕೇಳಿದೆ. ಆಕೆ ಫೋನು ತೆಗೆದು, ಹಿಂದಿನ ಪರೀಕ್ಷೆಯಲ್ಲಿ ಟೀಚರ್ ಬರೆದಿದ್ದನ್ನು ಕನ್ನಡ ಮಾಡಿ ಓದಿದಳು. ಮಾತಿನಲ್ಲಿ ತಪ್ಪಿಲ್ಲ, ಆದರೆ ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದೆ ಎಂದಿತ್ತು. ಹಾಗಾದರೆ ಆ ಮಂದಿಯ ಮಾತಿನಲ್ಲಿ ಮರ್ಯಾದೆ ಹೆಂಗೆ ಎಂದೆ. ಕುಡ್ ಯು ಪ್ಲೀಸ್, ವುಡ್ ಯು ಮೈಂಡ್ ಎಂದು ಉದ್ದದ ಪಟ್ಟಿಯೇ ಇದೆಯಂತೆ. ಎಲ್ಲ ಬಾಯಿಪಾಠ ಮಾಡಿದ್ದಾಳೆ. ಗಾಬರಿಯಲ್ಲಿ ಒಂದೂ ನಾಲಿಗೆಗೆ ಬರುವುದಿಲ್ಲವಂತೆ.

“ಅವನ್ನ ಮಾತಿಗೆ ಎಲ್ಲಿ ಹಚ್ತಾರ?”

“ಮುಂದ.”

“ಹಂಗಾರ ಅದೇ ಅವರ ‘ರಿ’ ಅಲ್ಲೇನು? ನಾವು ಮಾತಿನ ಬಾಲಕ್ಕ ಕಟ್ತೀವಿ, ಅವರು ಕೊರಳಿಗೆ ಕಟ್ಯಾರ, ಅಷ್ಟ.”

ರೇಣುಕಾ ನನ್ನ ಮುಖವನ್ನೇ ನೋಡಿದಳು. ಬಸ್ಸು ಗಿಣಿಗೇರಿ ದಾಟಿತ್ತು. ಆಕೆ ಬೆನ್ನು ನೆಟ್ಟಗೆ ಮಾಡಿ ಕೂತು, ಯಜ್ಜ, ಈಗ ನೀ ಕನ್ನಡದಾಗ ಹೇಳು, ನಾ ತಿರುವುತೀನಿ ಎಂದಳು. ಬುತ್ತಿ ಕೊಡು ಎಂದೆ. ಗಿವ್ ಮಿ ಬುತ್ತಿ ಎಂದಳು. ಬುತ್ತಿ ಕೊಡ್ರಿ ಎಂದೆ; ಕುಡ್ ಯು ಪ್ಲೀಸ್ ಗಿವ್ ಮಿ ಬುತ್ತಿ ಎಂದಳು. ಹೇಳ್ರಿ ಎಂದೆ, ಕೂಡ್ರಿ ಎಂದೆ, ತಡೀರಿ ಎಂದೆ. ಒಂದೊಂದು ರಿಯನ್ನೂ ಹಿಂದಿನಿಂದ ಎತ್ತಿ ಮುಂದೆ ಇಟ್ಟಳು. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ, ಇಷ್ಟು ಸಲ ಕೇಳಾಕ ಹತ್ಯಾರ, ಆ ಹಿರ್ಯಾಗ ಬುತ್ತಿ ಕೊಡಬಾರದೇನವ್ವ ಎಂದು ರೇಣುಕಾಳನ್ನು ಬೈದಳು. ಆವತ್ತು ಮೊದಲ ಸಲ ರೇಣುಕಾ ನಕ್ಕಳು. ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೂವರೂ ತಿಂದೆವು.

ನಮ್ಮ ಕಡೆಯ ಜೋಳದ ಹೊಲಗಳು ಹಿಂದೆ ಉಳಿದು ಕಾಲುವೆ ನೀರಿನ ಗದ್ದೆಗಳು ಬಂದವು. ಎರಡನೇ ಬೆಳೆಯ ನಾಟಿ ನಡೆದಿತ್ತು. ಗಂಗಾವತಿಗೆ ಹತ್ತಕ್ಕೆ ಇಳಿದೆವು. ಊರಿಗೆ ಊರೇ ಬೇಯಿಸಿದ ಭತ್ತದ ವಾಸನೆ.

ಪರೀಕ್ಷೆಗೆಂದು ಗಿರಣಿಯ ಮ್ಯಾನೇಜರ್ ತಮ್ಮ ಖೋಲಿ ಬಿಟ್ಟುಕೊಟ್ಟಿದ್ದರು. ನನಗೆ ಬಾಗಿಲ ಹೊರಗೆ ಒಂದು ಸ್ಟೂಲು, ಒಂದು ಚಹಾ. ಒಳಗಿನ ಮೈಕು ಸೂಜಿ ಬಿದ್ದರೂ ಹಿಡಿಯುತ್ತದೆ, ಕೆಮ್ಮಬೇಡಿರಿ ಎಂದು ಕೈಮುಗಿದು ಹೇಳಿದರು. ಕೆಮ್ಮಬೇಡ ಎಂದಕೂಡಲೇ ಕೆಮ್ಮು ಬಂತು. ಟವೆಲ್ಲು ಬಾಯಿಗೆ ತುರುಕಿಕೊಂಡೆ.

ಹನ್ನೊಂದಕ್ಕೆ ಶುರುವಾಯಿತು, ಬ್ರೆಜಿಲಿನಲ್ಲಿ ಆಗ ನಡುರಾತ್ರಿಯಂತೆ. ವಿಯೆಟ್ನಾಮಿನಾಕೆ ಮತ್ತು ಬ್ರೆಜಿಲಿನಾತ ಗಿರಾಕಿಗಳಾಗಿದ್ದರು, ಟೀಚರ್ ಕೇಳುತ್ತ ಕೂತಿದ್ದರು. ಮೊದಮೊದಲು ಛಲೋ ನಡೆಯಿತು. ಆಮೇಲೆ ಬ್ರೆಜಿಲಿನಾತ ದನಿ ಏರಿಸಿ ಏನೋ ತಕರಾರು ತೆಗೆದ. ರೇಣುಕಾ ತಟ್ಟನೆ “ಟೆಲ್ ಮಿ” ಎಂದಳು. ಅಷ್ಟಕ್ಕೇ ನಿಂತಳು. ಹೋಯಿತು ಎಂದುಕೊಂಡೆ. ಒಂದು ‘ರಿ’ ಕೂಗಿ ಒಳಗೆ ಎಸೆಯಬೇಕು ಅನ್ನಿಸಿತು. ಟವೆಲ್ಲು ಕಚ್ಚಿ ಹಿಡಿದೆ. ಆಕೆ ಉಸಿರು ಎಳೆದದ್ದು ಬಾಗಿಲಾಚೆ ನನಗೆ ಕೇಳಿಸಿತು.

“ಸಾರಿ. ಕುಡ್ ಯು ಪ್ಲೀಸ್ ಟೆಲ್ ಮಿ...”

ಮುಂದಿನದು ನನಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಕುಡ್ ಯು ಒಂದೊಂದಾಗಿ ಬರುತ್ತಿದ್ದವು, ನಾನು ಬೆರಳು ಮಡಿಸುತ್ತಿದ್ದೆ. ಎರಡೂ ಕೈಯ ಬೆರಳು ಮುಗಿದವು. ಬ್ರೆಜಿಲಿನಾತನ ದನಿ ಮೆತ್ತಗಾಯಿತು, ಆಮೇಲೆ ನಕ್ಕ. ಎಲ್ಲ ಮುಗಿದ ಹಗುರದಲ್ಲಿ ರೇಣುಕಾ ಮೈಮರೆತು “ಥ್ಯಾಂಕ್ಯೂ ರಿ” ಎಂದುಬಿಟ್ಟಳು. ನಾನು ಟವೆಲ್ಲು ಮತ್ತೆ ಕಚ್ಚಿದೆ. ಒಳಗಿನಿಂದ ಬ್ರೆಜಿಲಿನಾತ “ಬೈ ರಿ” ಎಂದ. ವಿಯೆಟ್ನಾಮಿನಾಕೆ “ಬೈ ರಿ” ಎಂದಳು. ಕಡೆಗೆ ಟೀಚರಮ್ಮನೂ. ಇಷ್ಟು ತಿಂಗಳು ಆಕೆ ಅವರಿಂದ ಕಲಿತಳು, ಅವರೂ ಇಷ್ಟನ್ನು ನಮ್ಮಿಂದ ಕಲಿತಿದ್ದರು. ನಾನು ಟವೆಲ್ಲು ತೆಗೆದು ಮನಸಾರೆ ಕೆಮ್ಮಿದೆ.

ನಾಲ್ಕು ಗಂಟೆಗೆ ಫೋನಿಗೆ ಪಾಸೆಂದು ಬಂತು. ಆಕೆ ಅಳುತ್ತ ನನ್ನ ಕಾಲು ಮುಟ್ಟಿದಳು. ಗಿರಣಿಯ ಹಮಾಲರಿಗೆಲ್ಲ ನಾನೇ ಹೋಗಿ ಹೇಳಿ ಬಂದೆ. ಹೊಸ ಕುರ್ಚಿಯ ಕೆಲಸ ಮರುದಿನದಿಂದಲೇ, ಆಕೆ ಎಂದಿನಂತೆ ಗಂಗಾವತಿಯಲ್ಲೇ ಉಳಿದಳು. ನಾನೊಬ್ಬನೇ ನಾಲ್ಕೂವರೆಯ ಕೊಪ್ಪಳ ಬಸ್ಸು ಹತ್ತಿದೆ.

ಬಸ್ಸು ಅಲುಗಿದಾಗ ರೇಣುಕಾ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದೇ ಕರೆದವಳು, “ಕುಡ್ ಯು ಪ್ಲೀಸ್ ಊರು ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ, ಯಜ್ಜಾರ” ಎಂದಳು. ಮುಂದೆಯೂ ಕಟ್ಟಿದ್ದಳು, ಹಿಂದೆಯೂ ಕಟ್ಟಿದ್ದಳು.

ಬಸ್ಸಿನ ಆಟ ಬಿಟ್ಟರೆ ನಾನೂ ಆಕೆಗೆ ಅಲ್ಲಿಯವರೆಗೆ ಒಂದು ‘ರಿ’ ಹಚ್ಚಿದವನಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದೆ:

“ಮಾಡ್ತೀನ್ರಿ, ಮೇಡಂ.”